ಎಜೆಲ್‌ನ ಗಡ್ಡ

ನನ್ನ ಗಂಡ ಎಜೆಲ್ ಮೆಂಫಿಸ್ಸಿನಲ್ಲಿ ಹದಿನಾಲ್ಕು ವರ್ಷದಿಂದ ಬಸ್ಸು ಓಡಿಸುತ್ತಿದ್ದಾನೆ. ಒಂದು ಬೆಕ್ಕಿಗೂ ಗುದ್ದಿದವನಲ್ಲ. ಆದರೂ ಅವನ ಕೆಲಸಕ್ಕೆ ಕುತ್ತು ಬಂದಿತ್ತು, ಅರ್ಧ ಇಂಚು ಗಡ್ಡದ ದೆಸೆಯಿಂದ.

ಚಾಲಕರ ಮುಖ ನುಣ್ಣಗಿರಬೇಕು ಎಂಬುದು ಅವನ ಡಿಪೋದ ನಿಯಮ. ನಮ್ಮ ಕಪ್ಪು ಗಂಡಸರ ಗುಂಗುರು ಕೂದಲನ್ನು ಬೋಳಿಸಿದರೆ ಅದು ಒಳಕ್ಕೇ ತಿರುಗಿ ಚರ್ಮಕ್ಕೆ ಚುಚ್ಚುತ್ತದೆ. ಕುತ್ತಿಗೆಯೆಲ್ಲ ಬೊಕ್ಕೆ, ಕಾಲರಿಗೆಲ್ಲ ರಕ್ತ. ಬೋಳಿಸಬಾರದೆಂದು ಡಾಕ್ಟರು ಬರೆದ, ಎಜೆಲ್ ತಂದುಕೊಟ್ಟ ಚೀಟಿಯನ್ನು ಮ್ಯಾನೇಜರ್ ಪ್ರುಯಿಟ್ ಡ್ರಾಯರಿಗೆ ತಳ್ಳಿ, ಎರಡು ನೋಟಿಸು ಕೊಟ್ಟ. ಸೋಮವಾರವೂ ಗಡ್ಡವಿದ್ದರೆ ಕೆಲಸ ಹೋಯಿತು.

ಅದು ನವೆಂಬರ್, ಜಿಂಕೆ ಬೇಟೆಯ ಕಾಲ. ಬೇಟೆಗಾರರ ರೂಢಿಯಂತೆ ಬಿಳಿಯ ಚಾಲಕರೆಲ್ಲ ಗಡ್ಡ ಬಿಟ್ಟಿದ್ದರು. ಪ್ರುಯಿಟ್ ಕೂಡ! ಅವರಿಗೆ ಯಾವ ನೋಟಿಸೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಹೋಗ್ಲಿ ಬಿಡೇ, ಬೋಳಿಸ್ಕೊಂಡ್ಬಿಡ್ತೀನಿ," ಎಂದ ಎಜೆಲ್.

"ಬ್ಲೇಡ್ ಮುಟ್ಟಿ ನೋಡು, ಆಮೇಲೈತೆ ನಿಂಗೆ!"

ಭಾನುವಾರ ಚರ್ಚಿನ ಹಿರಿಯಮ್ಮಂದಿರ ಮುಂದೆ ಎಲ್ಲ ಹೇಳಿಕೊಂಡೆ. ಸೋಮವಾರ ಬೆಳಗ್ಗೆ ಏಳು ಜನ ಹಿರಿಯಮ್ಮಂದಿರು ಹೂವಿನ ಟೋಪಿ ಏರಿಸಿಕೊಂಡು ಡಿಪೋಗೆ ನುಗ್ಗಿದರು, ಹಿಂದೆ ನಾನು. ಎಲ್ಲರಿಗಿಂತ ಮುಂದೆ ಎಂಬತ್ತೊಂದರ ಡೋವಿಯಮ್ಮ. ಕೈಯಲ್ಲಿ ಬೋಗುಣಿ, ಸೋಪು, ರೇಜರು.

"ಪ್ರುಯಿಟ್ ಮಗಾ, ನಿಯಮ ಅಂದ್ರೆ ನಿಯಮ. ಎಲ್ರನ್ನೂ ಸಾಲಾಗಿ ನಿಲ್ಸು. ನಿನ್ನಿಂದ್ಲೇ ಶುರು ಮಾಡಾಣ."

"ಅಮ್ಮಾ, ಇದು ಬೇಟೆ ಗಡ್ಡ," ಎಂದು ಬಿಳಿಯ ಚಾಲಕನೊಬ್ಬ ಗೊಣಗಿದ.

"ಯಾಕಪ್ಪಾ, ಜಿಂಕೆಗಳು ಟಿಕೇಟ್ ತಗಂಡು ನಿನ್ ಬಸ್ ಹತ್ತುತ್ವಾ?"

ಡಿಪೋಗೆ ಡಿಪೋನೇ ನಕ್ಕಿತು. ಪ್ರುಯಿಟ್‌ನ ಮುಖ ಕೆಂಪಾಯಿತು. ಮೆಲ್ಲಗೆ ಡ್ರಾಯರು ಎಳೆದ.

"ಈ ಚೀಟಿ ನಾನು ಸರಿಯಾಗಿ ನೋಡಿರ್ಲಿಲ್ಲ."

"ಈಗ ನೋಡು. ಜೋರಾಗಿ ಓದು."

ಓದಿದ. ಓದಿ ಮುಗಿಸಿ ಎರಡೂ ನೋಟಿಸು ಹರಿದ. ಎಜೆಲ್ ನನ್ನ ಕಡೆ ನೋಡಿ ಹಲ್ಲು ಕಿರಿದ. ನಾನಂತೂ ಕುಣಿಯುವುದೊಂದು ಬಾಕಿ.

ಆಗ ಹಿಂದಿನಿಂದ ಓಥಾ ಎಂಬ ಇನ್ನೊಬ್ಬ ಕಪ್ಪು ಚಾಲಕ ಮುಂದೆ ಬಂದ. ಎಂಥ ಸೆಕೆಯಲ್ಲೂ ಮೇಲಿನ ಗುಂಡಿ ಬಿಚ್ಚದ ಮನುಷ್ಯ. ಅಂದು ಕಾಲರು ಬಿಚ್ಚಿ ಕುತ್ತಿಗೆ ತೋರಿಸಿದ.

"ಸರ್, ನಂದೂ ಇದೇ ಕತೆ. ಕೆಲ್ಸ ಹೋಗ್ಬಾರ್ದು ಅಂತ ಹನ್ನೊಂದು ವರ್ಷ ದಿನಾ ಬೋಳಿಸ್ಕೊಂಡಿದೀನಿ."

ಅವನ ಹಿಂದೆ ಇನ್ನೂ ನಾಲ್ವರು ಗುಂಡಿ ಬಿಚ್ಚಿದರು.

ಡೋವಿಯಮ್ಮ ಬೋಗುಣಿಯನ್ನು ಪ್ರುಯಿಟ್‌ನ ಮೇಜಿನ ಮೇಲೆ ಇಟ್ಟು, ಕುರ್ಚಿ ಎಳೆದುಕೊಂಡಳು.

"ಒಬ್ಬೊಬ್ರಿಗೂ ಚೀಟಿ ಯಾಕೆ ಮಗಾ? ನಿಯಮಾನೇ ತಿದ್ದಿ ಬರಿ. ನಾವು ಕೂತಿರ್ತೀವಿ."

ಏಳೂ ಜನ ಕೂತರು. ಪ್ರುಯಿಟ್ ಪೆನ್ನು ತೆಗೆದ. ಅವತ್ತು ಮೊದಲ ಬಸ್ಸು ನಲವತ್ತು ನಿಮಿಷ ತಡವಾಗಿ ಹೊರಟಿತು. ಓಡಿಸಿದವನು ಓಥಾ, ಕಾಲರು ಬಿಚ್ಚಿಕೊಂಡೇ.