ನೊರೆ ಬಾರದ ನೀರು

ಬಿಳಿ ಬಟ್ಟೆಗಳು ಒಗೆದಷ್ಟೂ ಮಾಸಲಾಗತೊಡಗಿದಾಗ ಅಕ್ಕ ಮೊದಲು ಬೈದದ್ದು ಸೋಪಿನಪುಡಿ ಮಾರಿದವನನ್ನು. ಪುಡಿ ಬದಲಿಸಿದರೂ ನೊರೆ ಏಳಲಿಲ್ಲ. ಕೊನೆಗೆ ತನ್ನ ಲಾಂಡ್ರಿಯ ಬಾವಿನೀರನ್ನು ಬೊಗಸೆಯಲ್ಲಿ ಹಿಡಿದು ನಾಲಿಗೆಗೆ ತಾಗಿಸಿದಳು. ಉಪ್ಪು.

ಅವಳ ಲಾಂಡ್ರಿಗೂ ಸಮುದ್ರಕ್ಕೂ ನಡುವೆ ಇದ್ದದ್ದು ತಮ್ಮನ ಐಸ್ ಫ್ಯಾಕ್ಟರಿ. ಮೀನಿನ ದೋಣಿಗಳಿಗೆ ಐಸ್ ಒದಗಿಸಲೆಂದು ಅವನು ಆಳದ ಬೋರ್‌ವೆಲ್ ಕೊರೆಸಿ, ಪಂಪಿಗೆ ಬಿಡುವೇ ಕೊಟ್ಟಿರಲಿಲ್ಲ. ಅಪ್ಪನ ಜಾಗ ಪಾಲಾದಾಗ ಇಬ್ಬರ ನಡುವೆ ಗೋಡೆ ಎದ್ದಿತ್ತು. ಮಾತು ಅದಕ್ಕೂ ಮೊದಲೇ ನಿಂತಿತ್ತು.

ಅಕ್ಕ ಬಾಟಲಿಯಲ್ಲಿ ನೀರು ತುಂಬಿಕೊಂಡು, ಜಗಳಕ್ಕೆ ಟೊಂಕ ಕಟ್ಟಿಯೇ ಹೋದಳು. ತಮ್ಮ ಕರಗುತ್ತಿರುವ ಐಸ್ ಗಡ್ಡೆಗಳ ಮುಂದೆ ತಲೆಮೇಲೆ ಕೈಹೊತ್ತು ಕೂತಿದ್ದ. ಗಡ್ಡೆ ಗಟ್ಟಿಯಿಲ್ಲ, ಮೀನು ಹಾಳಾಗುತ್ತಿದೆ ಎಂದು ದೋಣಿಯವರು ಅಂದೇ ವಾಪಸು ತಂದು ಸುರಿದಿದ್ದರು.

"ಉಪ್ಪು ತಿಂದವನು ನೀರು ಕುಡೀಬೇಕು ಅಂತಾರೆ. ನಿನ್ನ ಪಂಪು ನೀರು ಕುಡಿದೂ ಕುಡಿದೂ ನಮಗೆಲ್ಲ ಉಪ್ಪು ತಿನ್ನಿಸ್ತಲ್ಲೋ," ಎಂದು ಬಾಟಲಿ ಮುಂದಿಟ್ಟಳು.

ತಮ್ಮ ಒಂದು ಗುಟುಕು ಕುಡಿದು ಮುಖ ಹಿಂಡಿದ. "ನಿನ್ನ ಬಾವಿಗೂ ಉಪ್ಪು ಬಂತಾ, ಅಕ್ಕಾ? ನನ್ನ ಐಸ್ ಗಟ್ಟಿಯಾಗದ್ದೂ ಇದರಿಂದಲೇ."

ಆ ದನಿಗೆ ಅವಳ ಸಿಟ್ಟು ಅರ್ಧ ಇಳಿಯಿತು.

ತಮ್ಮ ಕರೆಸಿದ ಎಂಜಿನಿಯರಮ್ಮ ನೀರು ಪರೀಕ್ಷಿಸಿ ಬಿಡಿಸಿ ಹೇಳಿದರು: ಕಡಲಂಚಿನ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಸಿಹಿಯನ್ನು ಮಿತಿಮೀರಿ ಎಳೆದರೆ ಉಪ್ಪು ಏರಿಬರುತ್ತದೆ. ಬೋರ್ ನಿಲ್ಲಿಸಿ, ಮಳೆನೀರು ಇಂಗಿಸಬೇಕು. ಆದರೂ ಸರಿಹೋಗುತ್ತದೆಂದು ಮಾತು ಕೊಡಲಾರೆ ಎಂದರು.

ತಮ್ಮ ಕೆಲವು ದಿನ ಒದ್ದಾಡಿದ. ಕೊನೆಗೆ ಪಂಪು ಎತ್ತಿಸಿ, ಟ್ಯಾಂಕರ್ ನೀರು ತರಿಸಿ, ಐಸ್ ತಯಾರಿಕೆಯನ್ನು ಅರ್ಧಕ್ಕೆ ಇಳಿಸಿದ. ಅದೇ ಟ್ಯಾಂಕರಿನಲ್ಲಿ ಅಕ್ಕನಿಗೂ ಪಾಲು. ಅವಳೂ ದೊಡ್ಡ ಬಟ್ಟೆಗಂಟುಗಳನ್ನು ಒಲ್ಲೆನೆಂದಳು. ಫ್ಯಾಕ್ಟರಿ ಮಾಡಿನ ಮೇಲೆ ಬಿದ್ದ ಮಳೆನೀರನ್ನು ಅಕ್ಕನ ಬಾವಿಗೆ ಇಳಿಸಲು ಗೋಡೆ ಕೊರೆಯಬೇಕಾಯಿತು. ಪೈಪಿಗೆ ಎಷ್ಟು ದೊಡ್ಡ ತೂತು ಬೇಕೆಂದು ಗಾರೆಯವನು ಕೇಳಿದ.

"ಬಾಗಿಲೇ ಇಟ್ಬಿಡಿ. ಸುತ್ತಿ ಬರೋಕೆ ಅವಳಿಗೆ ಮಂಡಿನೋವು," ಅಂದ ತಮ್ಮ.

ಅಕ್ಕ ಒಳಗೆ ಹೋಗಿ ಮೂವರಿಗೂ ಚಹಾ ತಂದಳು.

ಬೋರ್ ಉಪ್ಪಾಗಿಯೇ ಉಳಿಯಿತು. ಬಾವಿ ಮಾತ್ರ ಮಳೆಗಾಲದಿಂದ ಮಳೆಗಾಲಕ್ಕೆ ಸುಧಾರಿಸಿತು. ಕುಡಿಯಲು ಸಾಲದು, ಒಗೆಯಲು ಅಡ್ಡಿಯಿಲ್ಲ ಎನ್ನುವಷ್ಟು. ಬೀದಿಯ ಕೊನೆಯವರು ಹೊಸ ಬೋರ್ ಕೊರೆಸುತ್ತಾರೆಂಬ ಸುದ್ದಿ ಬಂದಾಗ ಅಕ್ಕ ತಮ್ಮ ಅವರಿಗೆ ತಿಳಿಹೇಳಲು ಒಟ್ಟಿಗೇ ಹೊರಟರು. ಯಾರು ಮೊದಲು ಮಾತಾಡಬೇಕೆಂದು ದಾರಿಯುದ್ದಕ್ಕೂ ಇಬ್ಬರ ನಡುವೆ ಚರ್ಚೆ.