ಕಣ್ಣಿನ ಚಿತ್ರ ಓದುವ ಹೊತ್ತು

ಹಳ್ಳಿ ಆಸ್ಪತ್ರೆಯ ಒಳಕೋಣೆಯಲ್ಲಿ ಕಣ್ಣಿನ ಕ್ಯಾಮೆರಾಕ್ಕೆ ಒಗೆದ ದಿಂಬಿನ ಚೀಲ ಹೊದಿಸಿತ್ತು. ಜಿಲ್ಲಾ ಆರೋಗ್ಯಾಧಿಕಾರಿ ಅದನ್ನು ಮೆಲ್ಲಗೆ ಎತ್ತಿ ನೋಡಿದರು. ಧೂಳಿರಲಿಲ್ಲ. ದಿನಾ ಒರೆಸುತ್ತಿದ್ದರು, ಬಳಸುತ್ತಿರಲಿಲ್ಲ ಅಷ್ಟೆ. ಸಕ್ಕರೆ ಕಾಯಿಲೆಯವರ ಕಣ್ಣಿನ ಹಿಂಭಾಗದ ಚಿತ್ರ ತೆಗೆದು ಜಿಲ್ಲಾ ಆಸ್ಪತ್ರೆಗೆ ಕಳಿಸುವ ಯಂತ್ರ ಅದು. ನೋಟ ಹೋಗುವ ಮೊದಲೇ ದೋಷ ಹಿಡಿಯಬಹುದು. ಹಠ ಹಿಡಿದು ತಮ್ಮ ಜಿಲ್ಲೆಯ ಹಳ್ಳಿ ಆಸ್ಪತ್ರೆಗಳಿಗೆಲ್ಲ ತರಿಸಿದ್ದವರು ಅವರೇ. ಬಳಕೆ ಹೀಗೇ ಇದ್ದರೆ ತಿಂಗಳ ಕೊನೆಗೆ ಎಲ್ಲವನ್ನೂ ಬೇರೆ ಜಿಲ್ಲೆಗೆ ಸಾಗಿಸುವುದಾಗಿ ಇಲಾಖೆ ಈಗ ತಿಳಿಸಿತ್ತು.

ಇನ್ನೊಂದು ತರಬೇತಿ ಕೊಡಿಸೋಣವೇ ಎಂದು ಅವರು ಕೇಳಿದರು. ಬೇಡ ಎಂದಳು ನರ್ಸ್. ಚಿತ್ರ ತೆಗೆಯುವುದು ನಿದ್ದೆಗಣ್ಣಲ್ಲೂ ಬರುತ್ತದೆ. ಮೊದಮೊದಲು ಜನ ಮುಗಿಬಿದ್ದಿದ್ದರು. ತನ್ನ ಅತ್ತೆಯನ್ನೇ ಎಲ್ಲರಿಗಿಂತ ಮುಂಚೆ ಕೂರಿಸಿದ್ದಳು.

"ಉತ್ತರವೇ ಬರಲ್ಲ ಮೇಡಂ. ಊಟಕ್ಕೆ ಕೂತಾಗೆಲ್ಲ ಅತ್ತೆ ಕೇಳ್ತಾರೆ, ನಿನ್ನ ಡಬ್ಬಿ ಇವತ್ತಾದ್ರೂ ಬಾಯಿ ಬಿಡ್ತಾ ಅಂತ. ಅದರ ಮೇಲೆ ಗದ್ದ ಊರಿ ನೋವಾಗೋದೊಂದೇ ಲಾಭ, ಹೋಗ್ಬೇಡಿ ಅಂತ ಊರಿಗೆಲ್ಲ ಹೇಳ್ಕೊಂಡೂ ಬಂದ್ರು."

ಅಧಿಕಾರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ನೋಡಿದರೆ, ಚಿತ್ರಗಳು ಎಲ್ಲೂ ಕಳೆದಿರಲಿಲ್ಲ. ತೆಗೆದ ಕ್ಷಣವೇ ಅಲ್ಲಿನ ಕಂಪ್ಯೂಟರಿಗೆ ಬಂದು ಕೂತಿದ್ದವು. ಅವನ್ನು ಓದುವುದು ಯಾರ ಕೆಲಸ, ಯಾವ ಹೊತ್ತಿನ ಕೆಲಸ ಎಂಬುದನ್ನು ಮಾತ್ರ ಯಾರೂ ಗೊತ್ತುಮಾಡಿರಲಿಲ್ಲ. ಕಣ್ಣಿನ ಡಾಕ್ಟರು ಆಪರೇಷನ್ ಮುಗಿಸಿ, ಮೈಯಲ್ಲಿ ಕಸುವು ಉಳಿದ ದಿನ ನಾಲ್ಕಾರು ನೋಡುತ್ತಿದ್ದರು. ಕಾಲೇಜಿನಲ್ಲಿ ಅಧಿಕಾರಿಗಿಂತ ಹಿರಿಯರಾಗಿದ್ದವರು, ಸಲುಗೆಯವರು.

"ನೀನು ಊರೂರಿಗೆ ಕ್ಯಾಮೆರಾ ಹಂಚಿದೆ ತಾಯಿ, ನನಗೊಂದು ಜೊತೆ ಕಣ್ಣು ಹೆಚ್ಚಿಗೆ ಕೊಡಿಸೋದು ಮರೆತೆ," ಎಂದರು.

ಮರುದಿನ ಅಧಿಕಾರಿ ಡಾಕ್ಟರ ಕೋಣೆಯ ಮುಂದಿನ ರೋಗಿಗಳ ಸಾಲಿನಲ್ಲಿ ಒಬ್ಬೊಬ್ಬರನ್ನೂ ಮಾತಾಡಿಸುತ್ತ ಬಂದರು. ಅರ್ಧಕ್ಕಿಂತ ಹೆಚ್ಚು ಜನ ಹಳ್ಳಿಗಳಿಂದ ಬಸ್ಸು ಹಿಡಿದು ಬಂದ ಸಕ್ಕರೆ ಕಾಯಿಲೆಯವರು. ಕಣ್ಣಿಗೆ ಹನಿ ಹಾಕಿಸಿಕೊಂಡು, ಕಾದು, ಏನೂ ತೊಂದರೆಯಿಲ್ಲ ಅನ್ನಿಸಿಕೊಂಡು ಹಿಂದಿರುಗುವವರು. ಇವರ ಚಿತ್ರವನ್ನು ಊರಲ್ಲೇ ತೆಗೆದು ಇಲ್ಲಿ ಓದಿದರೆ ಸಾಲೇ ಕರಗುತ್ತದೆ.

ಅಂದೇ ಹೊಸ ಏರ್ಪಾಟು ಹೇಳಿದರು. ಹನಿ ಹಾಕುವ ಇಬ್ಬರು ಸಹಾಯಕರಿಗೆ ಚಿತ್ರ ಓದಲು ಕಲಿಸಬೇಕು. ಅವರು ದೋಷವಿಲ್ಲದ ಚಿತ್ರಗಳನ್ನು ಬೇರೆ ಮಾಡಿದರೆ ಅನುಮಾನದ್ದಷ್ಟೇ ಡಾಕ್ಟರಿಗೆ. ಬೆಳಗಿನ ಮೊದಲ ಗಂಟೆ ಅದಕ್ಕೇ ಮೀಸಲು, ಆಮೇಲೆ ಸಾಲು. ಅಲ್ಲಿಯವರೆಗೆ ಬಾಗಿಲು ಹಾಕಿಕೊಂಡರೆ ಜನ ಮುರಿದು ಒಳಗೆ ಬರುತ್ತಾರೆ ಎಂದರು ಡಾಕ್ಟರು.

"ಬಾಗಿಲಲ್ಲಿ ನಾನೇ ನಿಲ್ತೀನಿ. ಬಯ್ಯೋರು ನನ್ನನ್ನೇ ಬಯ್ಯಲಿ," ಎಂದರು ಅಧಿಕಾರಿ.

ನಿಂತರು. ಬೈಸಿಕೊಂಡರು ಕೂಡ. ಹಳ್ಳಿಗಳಲ್ಲಿ ಬೆಳಗ್ಗೆ ತೆಗೆದ ಚಿತ್ರಕ್ಕೆ ಆ ಗಂಟೆಯಲ್ಲೇ ಉತ್ತರ ಹೋಗತೊಡಗಿತು. ವಾರ ಕಳೆಯುವುದರೊಳಗೆ ಬೆಂಚಿನ ಮೇಲೆ ಕೂರಲು ಜಾಗ ಸಿಗತೊಡಗಿತು.

ಹಳೆಯ ಚಿತ್ರಗಳ ರಾಶಿಯಲ್ಲಿ ನರ್ಸಿನ ಅತ್ತೆಯದೂ ಇತ್ತು. ಡಾಕ್ಟರು ತಾವೇ ನರ್ಸಿಗೆ ಫೋನು ಮಾಡಿದರು. ಎಡಗಣ್ಣಿನಲ್ಲಿ ರಕ್ತ ಜಿನುಗುತ್ತಿದೆ, ತಡವಾದದ್ದು ನಮ್ಮಿಂದ, ಆದರೂ ಕಣ್ಣು ಉಳಿಯುತ್ತದೆ, ನಾಳೆಯೇ ಕರೆತನ್ನಿ ಎಂದರು. ಲೇಸರ್ ಚಿಕಿತ್ಸೆ ಮುಗಿಸಿಕೊಂಡು ಊರಿಗೆ ಮರಳಿದ ಮುದುಕಿ ಹಳ್ಳಿ ಆಸ್ಪತ್ರೆಯ ಜಗಲಿಯಲ್ಲೇ ಕೂತರು. ಚಿತ್ರ ತೆಗೆಸಿಕೊಂಡು ಎದ್ದು ಹೊರಟವರನ್ನೆಲ್ಲ ಗದರಿಸಿ ಕೂರಿಸಿದರು: "ಎಲ್ಲಿಗೆ ಹೊರಟೆ? ಉತ್ತರ ಇಸ್ಕೊಂಡೇ ಹೋಗು."

ತಿಂಗಳ ಕೊನೆಗೆ ಇಲಾಖೆಯಿಂದ, ಕ್ಯಾಮೆರಾ ಒಯ್ಯಲು ಲಾರಿ ಯಾವತ್ತು ಕಳಿಸೋಣ ಎಂದು ವಿಚಾರಿಸಿದರು.

"ಲಾರಿ ಬೇಡ," ಎಂದರು ಅಧಿಕಾರಿ. "ಆ ಜಿಲ್ಲೆಗೆ ಹೊಸ ಕ್ಯಾಮೆರಾ ಕೊಡಿ. ಕೊಡೋಕೆ ಮುಂಚೆ ಅಲ್ಲಿನ ಕಣ್ಣಿನ ಡಾಕ್ಟರನ್ನ ಇಲ್ಲಿಗೆ ಕಳಿಸಿ. ಬೆಳಗಿನ ಮೊದಲ ಗಂಟೆ ನಮ್ಮವರ ಪಕ್ಕ ಕೂತು ನೋಡಲಿ."