ಮಾತಾಡಬಾರದ ಬೋಗಿ

ಪಾವೊಲಿ ನಿಲ್ದಾಣ ಹಿಂದೆ ಬಿದ್ದ ಮೇಲೂ ಆ ಮನುಷ್ಯ ಫೋನು ಕೆಳಗಿಡಲಿಲ್ಲ.

"ಹಲೋ, ಡಯಾನ್, ಈಗ ಕೇಳಿಸ್ತಾ? ಹಾಂ, ರೈಲಲ್ಲಿದೀನಿ. ರೈಲಲ್ಲಿ! ಇಲ್ಲ ಇಲ್ಲ, ಮಾತಾಡಿ ಪರವಾಗಿಲ್ಲ, ಇಲ್ಲಿ ಯಾರೂ ಇಲ್ಲ."

ಯಾರೂ ಇಲ್ಲವಂತೆ. ಬೋಗಿಯಲ್ಲಿ ನಲವತ್ತು ಜನ ಹಲ್ಲು ಕಚ್ಚಿಕೊಂಡು ಕೂತಿದ್ದರು. ಆತನ ನೆತ್ತಿಯ ಮೇಲೆಯೇ ತೂಗುತ್ತಿದ್ದ ಫಲಕದಲ್ಲಿ ತುಟಿಗೆ ಬೆರಳಿಟ್ಟ ಮುಖವೊಂದರ ಚಿತ್ರವಿತ್ತು. ಫಿಲಡೆಲ್ಫಿಯಾದಿಂದ ಹೊರಡುವಾಗ ಧ್ವನಿವರ್ಧಕದಲ್ಲಿ ಎರಡೆರಡು ಸಲ ಹೇಳಿದ್ದರು: ಎಂಜಿನ್ನಿಗೆ ಅಂಟಿಕೊಂಡ ಮೊದಲ ಬೋಗಿ ಮೌನದ ಬೋಗಿ, ಇಲ್ಲಿ ಫೋನಿನ ಮಾತು ಬೇಡ, ಪಕ್ಕದವರ ಜೊತೆ ಪಿಸುಮಾತಾದರೆ ಸಾಕು. ಬೂದು ಕೋಟಿನ ಈ ಮಹಾಶಯನಿಗೆ ಅದು ಕೇಳಿಸಿರಲಿಕ್ಕಿಲ್ಲ. ಆಗಲೂ ಆತ ಫೋನಿನಲ್ಲೇ ಇದ್ದ.

ಎರಡು ಸಾಲು ಹಿಂದೆ ಕೂತಿದ್ದ ಆರ್ಲೀನ್ ಬ್ರೂಬೇಕರ್ ತನ್ನ ಪದ್ಧತಿಯ ಪ್ರಕಾರ ಮೊದಲು ದುರುಗುಟ್ಟಿ ನೋಡಿದಳು. ಆಮೇಲೆ ಕೆಮ್ಮಿದಳು. ಮೂರನೆಯದಾಗಿ ಎದ್ದುಹೋಗಿ, ಆತನ ಭುಜದ ಮೇಲೆ ಒಂದು ಬೆರಳಿಟ್ಟು, ಇನ್ನೊಂದು ಬೆರಳಿನಿಂದ ಫಲಕವನ್ನು ತೋರಿಸಿದಳು. ಆತ ನಗುತ್ತ ತಲೆಯಾಡಿಸಿ, ಒಂದೇ ನಿಮಿಷ ಎಂದು ಸನ್ನೆ ಮಾಡಿ, ಮಾತು ಮುಂದುವರಿಸಿದ.

ಹನ್ನೆರಡು ವರ್ಷದಿಂದ ಲ್ಯಾಂಕಾಸ್ಟರಿನಿಂದ ಫಿಲಡೆಲ್ಫಿಯಾಕ್ಕೆ ಹೋಗಿ ಬರುತ್ತಿದ್ದ ಆರ್ಲೀನಳಿಗೆ ಈ ಬೋಗಿ ತವರುಮನೆಯಿದ್ದ ಹಾಗೆ. ಕಣ್ಣಿನ ಆಸ್ಪತ್ರೆಯೊಂದರಲ್ಲಿ ಬೆಳಗಿನಿಂದ ಸಂಜೆಯವರೆಗೆ ರೋಗಿಗಳ ಫೋನು ತೆಗೆದುಕೊಳ್ಳುವುದೇ ಅವಳ ಕೆಲಸ. ಅರವತ್ತೆರಡರ ವಯಸ್ಸಿಗೆ ಅವಳು ದೇವರಲ್ಲಿ ಬೇಡುತ್ತಿದ್ದದ್ದು ದಿನಕ್ಕೆ ಒಂದು ಗಂಟೆ ಹತ್ತು ನಿಮಿಷದ ಸದ್ದಿಲ್ಲದ ಹೊತ್ತು, ಅಷ್ಟೇ. ಅದನ್ನು ಅವಳು ಕಾವಲು ಕಾದುಕೊಂಡು ಬಂದಿದ್ದಳು. ದಿನವೂ ಓಡಾಡುವವರು ಅವಳಿಗೆ ಹೆದರಿ ಚಿಪ್ಸಿನ ಪೊಟ್ಟಣವನ್ನು ಮನೆಗೆ ಹೋಗಿಯೇ ಒಡೆಯುತ್ತಿದ್ದರು.

ಹಾಗಾಗಿ ಟಿಕೆಟ್ ನೋಡುತ್ತ ಕಂಡಕ್ಟರ್ ವೆಂಡೆಲ್ ಬಂದಾಗ ಅವಳು ಅವನ ತೋಳು ಹಿಡಿದು ಪಿಸುಗುಟ್ಟಿದಳು. "ಆ ಬೂದು ಕೋಟು ನೋಡು. ಹೊರಟಾಗಿಂದ ಬಾಯಿ ಮುಚ್ಚಿಲ್ಲ."

"ನೋಡ್ದೆ ಮಿಸ್ ಆರ್ಲೀನ್. ಹಿಂದಿನ ಬೋಗೀಲಿ ಟಿಕೆಟ್ ಮುಗಿಸಿ ಬಂದುಬಿಡ್ತೀನಿ."

"ಈಗಲೇ ಎಬ್ಬಿಸಬಾರದಾ?"

"ಐದು ನಿಮಿಷ. ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಕಣ್ಣು ಮಿಟುಕಿಸಿ ವೆಂಡೆಲ್ ಹೊರಟುಹೋದ.

ಗೆದ್ದವಳ ಹಾಗೆ ಆರ್ಲೀನ್ ಸೀಟಿಗೊರಗಿ ಕಣ್ಣು ಮುಚ್ಚಿದಳು. ಇನ್ನು ಐದು ನಿಮಿಷ ತಾನೇ, ಹಾಳಾಗಿ ಹೋಗಲಿ, ಮಾತಾಡಿಕೊಳ್ಳಲಿ.

"ಕ್ವಿನ್ಸ್ ಹಾಲೊ ವಿಷಯ ಇವತ್ತು ಮೀಟಿಂಗಲ್ಲಿ ತೀರ್ಮಾನ ಆಗೋಯ್ತು, ಡಯಾನ್," ಎಂದಿತು ಮುಂದಿನಿಂದ ಆ ದನಿ. "ಮೂರು ಮನೆ ಇದಾವಲ್ಲ, ಎರಡು ಮುಚ್ಚೋದೇ. ಕೆಲಸಕ್ಕೆ ಜನಾನೇ ಸಿಗ್ತಿಲ್ಲ, ಏನ್ ಮಾಡೋದು? ಒಂದನ್ನ ಉಳಿಸ್ಕೋತೀವಿ."

ಆರ್ಲೀನ್ ಸೀಟಿನಿಂದ ಬೆನ್ನೆತ್ತಿದಳು. ಕಣ್ಣು ತೆರೆದಳು. ಬುದ್ಧಿ ಬೆಳೆಯದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಕ್ವಿನ್ಸ್ ಹಾಲೊ ಎನ್ನುವ ಜಾಗ ಆ ಸೀಮೆಗೆಲ್ಲ ಒಂದೇ. ಅಲ್ಲಿನ ಲಿಂಡನ್ ಮನೆಯಲ್ಲಿ ಅವಳ ತಮ್ಮ ಗ್ಲೆನ್ ಇದ್ದ.

ಗ್ಲೆನ್‌ಗೆ ಐವತ್ತಮೂರು ವರ್ಷ, ಬುದ್ಧಿಗೆ ಆರೋ ಏಳೋ. ಹುಟ್ಟಿದಾಗಿನಿಂದ ಹಾಗೆಯೇ. ಅಮ್ಮ ಇರುವಷ್ಟು ದಿನ ಅಮ್ಮನ ಸೆರಗಿನಲ್ಲೇ ಬೆಳೆದ. ಹನ್ನೊಂದು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಅವನನ್ನು ಮೊದಲು ಬೇರೆ ಊರಿನ ಒಂದು ಆಶ್ರಯಕ್ಕೆ ಸೇರಿಸಿದ್ದರು. ಅಲ್ಲಿ ಅವನು ಅನ್ನಾಹಾರ ಬಿಟ್ಟ. ಹತ್ತೊಂಬತ್ತು ದಿನ. ಕೈಗೆ ಸೂಜಿ ಚುಚ್ಚಿ ಆಸ್ಪತ್ರೆಯಲ್ಲಿ ಮಲಗಿಸಿದಾಗ ಅವನು ಗುರುತೇ ಸಿಗದಷ್ಟು ಸೊರಗಿದ್ದ. ಇನ್ನೊಂದು ಸಲ ಹೀಗೆ ಜಾಗ ಬದಲಾಯಿಸಿದರೆ ಮೊದಲೇ ದುರ್ಬಲವಾದ ಅವನ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಆಮೇಲೆ ಸಿಕ್ಕಿದ್ದು ಕ್ವಿನ್ಸ್ ಹಾಲೊ. ಅಲ್ಲಿ ಕೂಡ ಮೊದಲ ಒಂದು ವರ್ಷ, ಮನೆಗೆ ಕರೆದುಕೊಂಡು ಹೋಗಲು ಯಾರಾದರೂ ಬಂದರೆ ಸಿದ್ಧವಿರಲೆಂದು, ಬೂಟು ಹಾಕಿಕೊಂಡೇ ಮಲಗುತ್ತಿದ್ದ.

"ಇಲ್ಲ ಇಲ್ಲ, ಅಲ್ಲಿರೋರ ಕಡೆಯವರಿಗೆ ಈಗಲೇ ಹೇಳೋ ಹಾಗಿಲ್ಲ," ಎನ್ನುತ್ತಿದ್ದ ಬೂದು ಕೋಟಿನವ. "ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೀಲಿ. ಅಲ್ಲೀವರೆಗೂ ಯಾರೂ ಪಿಟಕ್ ಅನ್ನಬಾರದು." ಇದನ್ನು ಆತ ಇಡೀ ಬೋಗಿಗೆ ಕೇಳಿಸುವ ಹಾಗೆ ಹೇಳಿದ.

ಆರ್ಲೀನ್ ಮೈಯೆಲ್ಲ ಕಿವಿಯಾಗಿ ಮುಂದಕ್ಕೆ ಬಾಗಿದಳು. ಯಾವ ಮನೆ? ಹೇಳು. ಯಾವ ಮನೆ ಅಂತ ಹೇಳೋ, ಪುಣ್ಯಾತ್ಮ.

"ಶ್!" ಎಂದರು ಯಾರೋ. ಪಕ್ಕದ ಸಾಲಿನ ಇರ್ವಿನ್, ತೆರಿಗೆ ಕಚೇರಿಯವನು, ಪತ್ರಿಕೆಯನ್ನು ಬೇಕೆಂದೇ ಪಟಪಟ ಬಡಿದ. ಇವರನ್ನೆಲ್ಲ ಹೀಗೆ ತಯಾರು ಮಾಡಿದವಳು ತಾನೇ ಎಂಬುದು ಆರ್ಲೀನಳಿಗೆ ಚೆನ್ನಾಗಿ ಗೊತ್ತಿತ್ತು.

"ಸುಮ್ನಿರಿ!" ಎಂದಳು ಅವಳು ಹಲ್ಲುಗಳ ನಡುವೆ. ಇರ್ವಿನ್ ಅವಳು ತನ್ನ ಪರ ಮಾತಾಡುತ್ತಿದ್ದಾಳೆಂದು ತಿಳಿದು ತಲೆಯಾಡಿಸಿದ.

"ಉಳಿಯೋದು ಯಾವುದು ಅಂತಾನಾ? ತಾಳಿ, ಪಟ್ಟಿ ಇಲ್ಲೇ ಎಲ್ಲೋ ಇಟ್ಟಿದೀನಿ." ಆತ ಫೋನನ್ನು ಕೆನ್ನೆ ಮತ್ತು ಹೆಗಲ ನಡುವೆ ಸಿಕ್ಕಿಸಿಕೊಂಡು ಚೀಲದಲ್ಲಿ ಕೈಯಾಡಿಸತೊಡಗಿದ. ಒಂದು ಕಾಗದ ತೆಗೆದ. ಅದಲ್ಲ. ಇನ್ನೊಂದು ತೆಗೆದ. "ಹಾಂ, ಸಿಕ್ತು. ನೋಡಿ..."

"ಸಾರ್," ಎಂದ ವೆಂಡೆಲ್, ಆತನ ಪಕ್ಕದಲ್ಲಿ ನಿಂತು. "ಇದು ಮೌನದ ಬೋಗಿ ಸಾರ್. ಫೋನು ಬಂದ್ ಮಾಡ್ತೀರೋ, ಇಲ್ಲಾ ಆಚೆ ಹೋಗಿ ಮಾತಾಡ್ತೀರೋ?"

"ಬೇಡ ವೆಂಡೆಲ್!" ಆರ್ಲೀನ್ ಎದ್ದು ನಿಂತಿದ್ದಳು. ಅವಳ ದನಿ ಬೋಗಿಯ ಆ ತುದಿಗೆ ತಾಗಿತು. "ಬಿಡು, ಮಾತಾಡ್ಲಿ ಅವರು. ಮಾತಾಡ್ಲಿ!"

ವೆಂಡೆಲ್ ಕಣ್ಣುಕಣ್ಣು ಬಿಟ್ಟ. "ಏನ್ ಮಿಸ್ ಆರ್ಲೀನ್, ನೀವೇ ತಾನೇ ಹೇಳಿದ್ದು?"

"ಈಗ ಬೇಡ ಅಂತಿದೀನಲ್ಲ! ಅವರ ಮಾತು ಮುಗೀಲಿ."

"ಚೆನ್ನಾಗಿದೆ ಇದು," ಎಂದ ಇರ್ವಿನ್ ಪತ್ರಿಕೆ ಮಡಚುತ್ತ. "ಹನ್ನೆರಡು ವರ್ಷದಿಂದ ನನಗೆ ಸರಿಯಾಗಿ ಸೀನೋಕೂ ಬಿಟ್ಟಿಲ್ಲ ಈಯಮ್ಮ. ಈಗ ಮಾತಾಡ್ಲಿ ಅಂತೆ! ಏಳಪ್ಪಾ, ಆಚೆ ಹೋಗು." ಹಿಂದಿನಿಂದ ಇನ್ನೂ ನಾಲ್ಕಾರು ಜನ ದನಿಗೂಡಿಸಿದರು. ಬೂದು ಕೋಟಿನವನಿಗೆ ನಾಚಿಕೆಯಾಯಿತು. "ಕ್ಷಮಿಸಿ, ಕ್ಷಮಿಸಿ, ನೋಡಲಿಲ್ಲ ನಾನು," ಎನ್ನುತ್ತ ಚೀಲ, ಕಾಗದ, ಫೋನು ಎಲ್ಲವನ್ನೂ ಎದೆಗವಚಿಕೊಂಡು ಎರಡು ಬೋಗಿಗಳ ನಡುವಿನ ಇಕ್ಕಟ್ಟು ಜಾಗಕ್ಕೆ ನಡೆದ. ಅವನ ಹಿಂದೆ ಗಾಜಿನ ಬಾಗಿಲು ಸರಿದು ಮುಚ್ಚಿಕೊಂಡಿತು.

ಆರ್ಲೀನ್ ಸೀಟುಗಳನ್ನು ಹಿಡಿದುಕೊಳ್ಳುತ್ತ ಬಾಗಿಲವರೆಗೆ ಓಡಿದಳು. ಗಾಜಿನಾಚೆ ಆತ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದ. ತುಟಿಗಳು ಆಡುತ್ತಿದ್ದವು. ಒಂದು ಚೂರೂ ಕೇಳಿಸಲಿಲ್ಲ. ಅವಳು ಬಾಗಿಲ ಗುಂಡಿಯನ್ನು ಒತ್ತಿದಳು, ಮತ್ತೆ ಒತ್ತಿದಳು. ಬಾಗಿಲು ತೆರೆಯುವ ಹೊತ್ತಿಗೆ ಆತ ಕಾಗದ ಮಡಚುತ್ತಿದ್ದ. "ಸರಿ ಡಯಾನ್, ಅದೊಂದೇ. ಬೆಳಿಗ್ಗೆ ಮಾತಾಡೋಣ," ಎಂದು ಫೋನು ಜೇಬಿಗಿಳಿಸಿದ.

"ಯಾವ ಮನೆ?" ಎಂದಳು ಆರ್ಲೀನ್. ಚಕ್ರಗಳ ಗದ್ದಲಕ್ಕೆ ಕೂಗಬೇಕಾಯಿತು.

"ಏನು?"

"ಮೂರರಲ್ಲಿ ಒಂದು ಉಳಿಯುತ್ತೆ ಅಂದ್ರಲ್ಲ. ಯಾವುದು?"

ಆತನ ಮುಖದಲ್ಲಿದ್ದ ನಗು ಇಳಿದುಹೋಯಿತು. "ನೀವು ಪತ್ರಿಕೆಯವರಾ?"

"ನನ್ನ ತಮ್ಮ ಅಲ್ಲಿದಾನೆ. ಲಿಂಡನ್ ಮನೇಲಿ. ಗ್ಲೆನ್ ಅಂತ, ದಪ್ಪ ಕನ್ನಡಕದವನು. ನೀವು ನೋಡಿರ್ತೀರಿ. ಬಂದವರಿಗೆಲ್ಲ ಕೈ ಕುಲುಕ್ತಾನೆ, ಕುಲುಕಿದ ಮೇಲೆ ಬಿಡೋದೇ ಇಲ್ಲ."

"ನಾನು ವಕೀಲ, ಅಮ್ಮಾ. ಅಲ್ಲಿಗೆ ಹೋದವನೇ ಅಲ್ಲ ನಾನು."

"ಹೋಗದಿದ್ರೆ ಬೇಡ. ಆ ಕಾಗದ ತೋರಿಸಿ. ಓದಿ ಕೊಟ್ಟುಬಿಡ್ತೀನಿ."

"ಅದಾಗಲ್ಲ. ನನ್ನ ಕೆಲಸಕ್ಕೇ ಕುತ್ತು ಬರುತ್ತೆ. ದಯವಿಟ್ಟು, ನೀವು ಕೇಳಿಸ್ಕೊಂಡಿದ್ದನ್ನ ಕೇಳಿಸ್ಕೊಂಡಿಲ್ಲ ಅಂದ್ಕೊಳ್ಳಿ."

ಆರ್ಲೀನ್ ಆತನ ಕೋಟಿನ ತೋಳು ಹಿಡಿದಳು. ತನ್ನ ಜನ್ಮದಲ್ಲಿ ಅವಳು ಅಪರಿಚಿತನೊಬ್ಬನ ಬಟ್ಟೆ ಹಿಡಿದು ಬೇಡಿದವಳಲ್ಲ. "ಕಂಡಕ್ಟರನ್ನ ಕರೆದು ನಿಮ್ಮನ್ನ ಎಬ್ಬಿಸಿದ್ದು ನಾನೇ. ತಪ್ಪಾಯ್ತು. ಹಬ್ಬದವರೆಗೆ ನಾನು ಹೇಗೆ ಕಾಯಲಿ, ಹೇಳಿ? ಅವನಿಗೆ ಜಾಗ ಬದಲಾಯಿಸಿದ್ರೆ ಅವನು ಊಟ ಬಿಡ್ತಾನೆ. ಹಟಕ್ಕಲ್ಲ, ಅವನಿಗೆ ಹಟ ಅಂದ್ರೇನು ಗೊತ್ತಿಲ್ಲ. ಸುಮ್ನೆ ಬಿಟ್ಟುಬಿಡ್ತಾನೆ. ಲಿಂಡನ್ ಉಳಿಯುತ್ತೆ ಅನ್ನಿ ಸಾಕು. ಬಾಯಿ ಬಿಟ್ಟು ಹೇಳೋದೂ ಬೇಡ, ತಲೆಯಾಡಿಸಿ."

ಆತ ತಲೆಯಾಡಿಸಲಿಲ್ಲ. ಕಿಟಕಿಯಾಚೆ ಹಾದುಹೋಗುತ್ತಿದ್ದ ಕೊಯ್ಲಾದ ಜೋಳದ ಹೊಲಗಳನ್ನು ನೋಡುತ್ತ ನಿಂತ. ಆತನಿಗೂ ಅಕ್ಕನೋ ತಂಗಿಯೋ ಇದ್ದಿರಬಹುದು, ಕೋಟನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ. ರೈಲು ನಿಧಾನವಾಗತೊಡಗಿತು.

"ನಿಮ್ಮನೇಲಿ," ಎಂದ ಕೊನೆಗೆ, "ಅವರಿಗೆ ಒಂದು ರೂಮು ಆಗುತ್ತಾ?"

"ನನ್ನದು ಮೂರನೇ ಮಹಡಿ. ಒಂದೇ ರೂಮು. ಅವನ ಎದೆಗೆ ಮೆಟ್ಟಿಲು ಹತ್ತೋಕಾಗಲ್ಲ. ಆದ್ರಿಂದ ತಾನೇ ನಾನು..." ಎಂದು ಹೇಳುತ್ತಿದ್ದ ಆರ್ಲೀನಳಿಗೆ ಆತ ಅದನ್ನು ಕೇಳಿದ್ದೇಕೆಂದು ಆಗ ಅರ್ಥವಾಯಿತು. ಅವಳ ಕೈ ತಾನಾಗಿ ಜಾರಿತು.

"ನಾನೇನೂ ಹೇಳಲಿಲ್ಲ," ಎಂದ ಆತ. ಕೋಟ್ಸ್‌ವಿಲ್ ಬಂತು. ಆತ ಇಳಿಯಬೇಕಾದ ಊರು ಅದೋ ಅಲ್ಲವೋ, ತಿರುಗಿ ನೋಡದೆ ಇಳಿದುಹೋದ.

ಅವಳು ತನ್ನ ಸೀಟಿಗೆ ಮರಳಿ ಬಂದಳು. ಕೂತವಳೇ ಅತ್ತಳು. ತಡೆಯಲು ನೋಡಿದಳು, ಆಗಲಿಲ್ಲ. ಬಿಕ್ಕುವ ಸದ್ದು ಇಡೀ ಬೋಗಿಗೆ ಕೇಳಿಸುತ್ತಿತ್ತು. ಇರ್ವಿನ್ ಪತ್ರಿಕೆಯನ್ನು ಇನ್ನಷ್ಟು ಮೇಲೆತ್ತಿ ಮುಖ ಮರೆಸಿಕೊಂಡ. ಉಳಿದವರು ತಮ್ಮ ತಮ್ಮ ಮಡಿಲು ನೋಡಿಕೊಂಡರು. ಯಾರೂ ತಿರುಗಲಿಲ್ಲ, ಯಾರೂ ಏನೆಂದು ಕೇಳಲಿಲ್ಲ. ಅವರವರ ಪಾಡಿಗೆ ಅವರವರನ್ನು ಬಿಡುವುದು ಆ ಬೋಗಿಯ ಮರ್ಯಾದೆ. ವೆಂಡೆಲ್ ಒಬ್ಬನೇ ಹಾದುಹೋಗುವಾಗ ಒಂದು ಕಾಗದದ ಕರವಸ್ತ್ರವನ್ನು ಅವಳ ಸೀಟಿನ ತೋಳಿನ ಮೇಲಿಟ್ಟು ಮುಂದೆ ಹೋದ.

ಲ್ಯಾಂಕಾಸ್ಟರ್ ಬಂದಾಗ ಅವಳು ಏಳಲಿಲ್ಲ. ಮುಂದಿನ ಮೌಂಟ್ ಜಾಯ್‌ನಲ್ಲಿ ಇಳಿದು, ಟ್ಯಾಕ್ಸಿ ತರಿಸಿಕೊಂಡು ಕ್ವಿನ್ಸ್ ಹಾಲೊಗೆ ಹೋದಳು. ಹೋಗಿ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಅವನು ಅಲ್ಲಿ ಇರುವುದನ್ನು ನೋಡಬೇಕಿತ್ತು.

ಲಿಂಡನ್ ಮನೆಯಲ್ಲಿ ಊಟದ ಹೊತ್ತು. ಉದ್ದನೆಯ ಮೇಜಿನ ಸುತ್ತ ಏಳು ಜನ ಕೂತಿದ್ದರು. ಮನೆ ನೋಡಿಕೊಳ್ಳುವ ನದೀನ್ ಕೋಳಿಯ ಸಾರು ಬಡಿಸುತ್ತಿದ್ದಳು. ಬಾಗಿಲಲ್ಲಿ ಆರ್ಲೀನಳನ್ನು ಕಂಡದ್ದೇ ಗ್ಲೆನ್ ಚಮಚ ಬಿಟ್ಟು ಎದ್ದ.

"ಆರ್ಲೀ ಬಂದ್ಲು! ಇವತ್ತು ಭಾನುವಾರ!"

"ಗುರುವಾರ ಕಣೋ ಗ್ಲೆನ್," ಎಂದಳು ನದೀನ್. ಹನ್ನೊಂದು ವರ್ಷದಲ್ಲಿ ಆರ್ಲೀನ್ ಭಾನುವಾರ ಬಿಟ್ಟು ಬೇರೆ ದಿನ ಬಂದವಳಲ್ಲ. ನದೀನ್ ಸೌಟು ಹಿಡಿದೇ ಹತ್ತಿರ ಬಂದು ದನಿ ತಗ್ಗಿಸಿದಳು. "ಏನಕ್ಕಾ, ಇದ್ದಕ್ಕಿದ್ದ ಹಾಗೆ? ಎಲ್ಲ ಸರಿಯಿದೆ ತಾನೇ?"

ನದೀನಳಿಗೂ ವಿಷಯ ಗೊತ್ತಿಲ್ಲ. ಇದೇ ಮನೆಯಲ್ಲಿ ಹದಿನಾರು ವರ್ಷದಿಂದ ಸೌಟು ಹಿಡಿದವಳು. ಆರ್ಲೀನ್ ಬಾಯಿ ತೆರೆದಳು. ಮೇಜಿನ ಸುತ್ತ ಏಳು ಮುಖಗಳು ಅವಳ ಕಡೆಗೇ ತಿರುಗಿದ್ದವು.

"ಏನಿಲ್ಲ," ಎಂದಳು. "ನೋಡ್ಬೇಕು ಅನ್ನಿಸ್ತು, ಬಂದೆ."

ಗ್ಲೆನ್ ಅಷ್ಟರಲ್ಲಿ ಅವಳ ಕೈಹಿಡಿದು ಕುಲುಕುತ್ತಿದ್ದ. ಸಾರಿನ ಜಿಡ್ಡು ಅವನ ಬೆರಳಲ್ಲೆಲ್ಲ ಇತ್ತು. "ಆರ್ಲೀ, ನದೀನ್ ಸುಳ್ಳು ಹೇಳ್ತಾಳೆ. ಇವತ್ತು ಭಾನುವಾರ ತಾನೇ?"

"ಹೂಂ ಕಣೋ," ಎಂದಳು ಆರ್ಲೀನ್. "ಭಾನುವಾರ."

"ನೋಡಿದ್ಯಾ!" ಎಂದು ಅವನು ನದೀನಳಿಗೆ ಹೇಳಿ, ಕಪಾಟಿನಿಂದ ಒಂದು ತಟ್ಟೆ ತಂದ. ಮೇಜಿನ ಮುಂದೆ ನಿಂತು ನೋಡಿದ. ಎಲ್ಲ ಜಾಗವೂ ತುಂಬಿತ್ತು. ಅವನು ಮೊದಲು ತನ್ನ ಪಕ್ಕದವನ ಭುಜ ಮುಟ್ಟಿದ, ಆಮೇಲೆ ಅವನ ಪಕ್ಕದವನದು, ಹೀಗೆ ಒಬ್ಬೊಬ್ಬರ ಹತ್ತಿರವೂ ಹೋಗಿ, "ಸ್ವಲ್ಪ ಜರುಗು, ಜರುಗು, ಆರ್ಲೀ ಕೂತ್ಕೋಬೇಕು," ಎಂದ. ಕುರ್ಚಿಗಳು ನೆಲಕ್ಕೆ ತಿಕ್ಕಿ ಕಿರ್ ಎಂದು ಸದ್ದು ಮಾಡಿದವು. ಒಬ್ಬೊಬ್ಬರೂ ತಟ್ಟೆ ಎಳೆದುಕೊಂಡು ಒಂದೊಂದು ಗೇಣು ಸರಿದರು, ಜಾಗವಾಯಿತು.